ಮಾಗಡಿಯ ಪಾರಿವಾಳ, ಬೆಟ್ಟದ ಬೈರಿ

ಮಾಗಡಿ ಸುತ್ತ ರೇಸಿನ ಪಾರಿವಾಳ ಸಾಕುವವರಿಗೆ ಬಯಲಿನ ಊರುಗಳವರಿಗೆ ಇಲ್ಲದ ಒಂದು ತಲೆನೋವಿದೆ: ಬೆಟ್ಟ. ಒಂದು ಕಡೆ 1,226 ಮೀಟರ್ ಎತ್ತರದ ಸಾವನದುರ್ಗ, ಇನ್ನೊಂದು ಕಡೆ ರಾಮನಗರದ ರಾಮದೇವರ ಬೆಟ್ಟ, ನಡುವೆ ಎಣಿಸಲಾಗದಷ್ಟು ಬಂಡೆಗುಡ್ಡಗಳು. ಮನುಷ್ಯನ ಕೈಗೆಟುಕದ ಬಂಡೆಯ ಅಂಚಿನಲ್ಲಿ ಮೊಟ್ಟೆಯಿಡುವ ಹಕ್ಕಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ. ಅಂಥ ಹಕ್ಕಿಗಳಲ್ಲಿ ಶಾಹೀನ್ ಒಂದು. ಅದು ಪೆರೆಗ್ರಿನ್ ಫಾಲ್ಕನ್ನಿನ ನಮ್ಮ ದೇಶದ ಉಪಜಾತಿ. ಪಾರಿವಾಳದವರ ಬಾಯಲ್ಲಿ ಬೈರಿ. ಶಾಹೀನ್ ವರ್ಷವಿಡೀ ಇಲ್ಲೇ ಇರುತ್ತದೆ. ಚಳಿಗಾಲ ಬಂತೆಂದರೆ ಸೈಬೀರಿಯಾ ಕಡೆಯಿಂದ ಅದರ ದಾಯಾದಿಗಳೂ ಬಂದು ಸೇರಿಕೊಳ್ಳುತ್ತವೆ. ನಮ್ಮಲ್ಲಿ ಪಾರಿವಾಳದ ರೇಸು ನಡೆಯುವುದು ಸರಿಯಾಗಿ ಆಗಲೇ, ಚಳಿಗಾಲದಿಂದ ಬೇಸಿಗೆಯ ಶುರುವಿನವರೆಗೆ.

ಹೋಮರ್ ಪಾರಿವಾಳವನ್ನು ಬುಟ್ಟಿಯಲ್ಲಿಟ್ಟು ನೂರಾರು ಕಿಲೋಮೀಟರ್ ದೂರ ಒಯ್ದು ಬಿಟ್ಟರೂ ಅದು ತನ್ನ ಗೂಡಿಗೇ ಮರಳುತ್ತದೆ. ಸೂರ್ಯನ ದಿಕ್ಕು, ಭೂಮಿಯ ಕಾಂತಕ್ಷೇತ್ರ, ಗಾಳಿ ಹೊತ್ತು ತರುವ ವಾಸನೆ, ಊರು ಹತ್ತಿರವಾದಂತೆ ಕಣ್ಣಿಗೆ ಬೀಳುವ ರಸ್ತೆ, ಕೆರೆ, ಗುಡ್ಡ ಎಲ್ಲವನ್ನೂ ಅದು ಬಳಸಿಕೊಳ್ಳುತ್ತದೆ. ಕಾಲಿನ ರಿಂಗ್ ನೋಡಿ ಬಂದ ಹೊತ್ತನ್ನು ದಾಖಲಿಸುತ್ತಾರೆ. ಗೆಲುವು ತೀರ್ಮಾನವಾಗುವುದು ನಿಮಿಷಕ್ಕೆ ಎಷ್ಟು ಮೀಟರ್ ಎಂಬ ಲೆಕ್ಕದಲ್ಲಿ. 300 ಕಿಲೋಮೀಟರನ್ನು ಐದು ಗಂಟೆಯಲ್ಲಿ ಮುಗಿಸಿದರೆ ನಿಮಿಷಕ್ಕೆ 1,000 ಮೀಟರ್. ಈ ಆಟದಲ್ಲಿ ಬೈರಿ ಒಂದು ಹಕ್ಕಿಯನ್ನು ಹಿಡಿದರೆ ನಷ್ಟ ಆ ಒಂದಕ್ಕೇ ನಿಲ್ಲುವುದಿಲ್ಲ. ಗುಂಪು ಚದುರುತ್ತದೆ. ಬೆದರಿದ ಹಕ್ಕಿಗಳು ಎಲ್ಲೋ ಮರದಲ್ಲಿ, ಯಾರದೋ ಮಾಳಿಗೆಯಲ್ಲಿ ಕುಳಿತು ಸಂಜೆಗೋ ಮರುದಿನವೋ ಒಂಟಿಯಾಗಿ ಬರುತ್ತವೆ. ಕೆಲವು ಬರುವುದೇ ಇಲ್ಲ.

ಆದರೆ ಬಾರದ ಹಕ್ಕಿಯ ಪಾಪವನ್ನೆಲ್ಲ ಬೈರಿಯ ತಲೆಗೆ ಕಟ್ಟುವುದು ಸರಿಯಲ್ಲ. ಗಾಜು ಹಚ್ಚಿದ ಮಾಂಜಾ ದಾರ, ವಿದ್ಯುತ್ ತಂತಿ, ಬೆಕ್ಕು, ದಾರಿಯಲ್ಲಿ ಹಿಡಿದಿಟ್ಟುಕೊಳ್ಳುವ ಮನುಷ್ಯರು, ಇವೆಲ್ಲ ಲೆಕ್ಕಕ್ಕೆ ಬರಬೇಕು. ಗೂಡಿನ ಹತ್ತಿರ ಗರಿ ಚೆಲ್ಲಿದ್ದರೆ ಒಂದನ್ನು ಎತ್ತಿ ಬುಡ ನೋಡಿ. ಬೇಟೆಹಕ್ಕಿ ಗರಿಯನ್ನು ಕೊಕ್ಕಿನಿಂದ ಹಿಡಿದು ಕೀಳುತ್ತದೆ. ಹಾಗಾಗಿ ದಂಟು ಬುಡದ ತುದಿಯವರೆಗೂ ಇಡಿಯಾಗಿರುತ್ತದೆ, ಕೆಲವೊಮ್ಮೆ ಅದರ ಮೇಲೆ ಕೊಕ್ಕು ಒತ್ತಿದ ಸಣ್ಣ ಗೀಚು ಕಾಣುತ್ತದೆ. ಬೆಕ್ಕು ಅಥವಾ ಮುಂಗುಸಿ ಕಚ್ಚಿದ್ದರೆ ದಂಟು ಮಧ್ಯಕ್ಕೇ ತುಂಡಾಗಿ, ಗರಿಗಳು ಜೊಲ್ಲಿನಿಂದ ಮುದ್ದೆಗಟ್ಟಿರುತ್ತವೆ. ಈ ಒಂದು ಪರೀಕ್ಷೆ ಎಷ್ಟೋ ತಪ್ಪು ಆರೋಪಗಳನ್ನು ತಡೆಯುತ್ತದೆ.

ಆಕಾಶದಲ್ಲಿ ಕಂಡ ಹಕ್ಕಿಯೆಲ್ಲ ಶತ್ರುವೂ ಅಲ್ಲ. ಊರ ಮೇಲೆ ಸದಾ ಸುತ್ತುವ ಕಂದು ಹದ್ದು ಹೆಚ್ಚಾಗಿ ಕಸಾಯಿಖಾನೆಯ ತ್ಯಾಜ್ಯ, ಸತ್ತ ಇಲಿಗಳಿಂದ ಬದುಕುವಂಥದ್ದು. ಗಟ್ಟಿಮುಟ್ಟಾದ ಪಾರಿವಾಳವನ್ನು ಬೆನ್ನಟ್ಟಿ ಹಿಡಿಯುವ ವೇಗ ಅದಕ್ಕಿಲ್ಲ. ತೆಂಗಿನ ಗರಿಯ ಮರೆಯಿಂದ ಹೊಂಚುವ ಶಿಕ್ರ ಪಾರಿವಾಳಕ್ಕಿಂತ ಚಿಕ್ಕದು, ಅದರ ಕಣ್ಣು ಮರಿಗಳ ಮೇಲೆ. ದೊಡ್ಡ ಪಾರಿವಾಳಕ್ಕೆ ನಿಜವಾದ ಅಪಾಯ ಎರಡು: ಬಂಡೆಗುಡ್ಡಗಳ ಬೊನೆಲ್ಲಿ ಹದ್ದು ಮತ್ತು ಬೈರಿ.

ಬೈರಿಯ ದಾಳಿ ಮೇಲಿನಿಂದ. ಎತ್ತರಕ್ಕೇರಿ, ರೆಕ್ಕೆ ಮಡಚಿ, ಗಂಟೆಗೆ 300 ಕಿಲೋಮೀಟರಿಗೂ ಮಿಕ್ಕಿದ ವೇಗದಲ್ಲಿ ಬೀಳುತ್ತದೆ. ಸಮತಲದ ಓಟದಲ್ಲಿ ಪಾರಿವಾಳವೇನೂ ಕಡಿಮೆಯಲ್ಲ. ಅದರ ಹಾರಾಟದ ಸ್ನಾಯುಗಳೇ ಮೈತೂಕದ ಐದನೇ ಒಂದು ಪಾಲಿಗಿಂತ ಹೆಚ್ಚು. ಎತ್ತರ ಸಿಗದೇ ಇದ್ದರೆ ಬೈರಿಗೆ ಬೇಟೆ ಕಷ್ಟ. 2017ರಲ್ಲಿ ಆಕ್ಸ್‌ಫರ್ಡ್ ವಿಜ್ಞಾನಿಗಳು ಫಾಲ್ಕನ್‌ಗಳ ಮೈಗೆ ಪುಟ್ಟ ಕ್ಯಾಮೆರಾ ಮತ್ತು ಜಿಪಿಎಸ್ ಕಟ್ಟಿ ನೋಡಿದಾಗ ಅವು ಬೇಟೆಯ ಹಿಂದೆ ಸುಮ್ಮನೆ ಓಡುವುದಿಲ್ಲ ಎಂದು ತಿಳಿಯಿತು. ಬೇಟೆ ಕಾಣುವ ದಿಕ್ಕು ಎಷ್ಟು ಬೇಗ ಬದಲಾಗುತ್ತಿದೆಯೋ ಅದಕ್ಕೆ ತಕ್ಕಂತೆ ತಾವೂ ತಿರುಗುತ್ತ, ಬೇಟೆ ಮುಂದೆ ಇರಲಿರುವ ಜಾಗಕ್ಕೆ ಗುರಿಯಿಡುತ್ತವೆ. ಕ್ಷಿಪಣಿಗಳಿಗೆ ಇಂಜಿನಿಯರುಗಳು ಕೊಟ್ಟ ಸೂತ್ರವೂ ಇದೇ.  

ಇಷ್ಟೆಲ್ಲ ಸಾಮರ್ಥ್ಯವಿದ್ದೂ ಬೈರಿಯ ಬಹುಪಾಲು ದಾಳಿಗಳು ಗುರಿ ತಪ್ಪುತ್ತವೆ. ಕಾರಣ ಪಾರಿವಾಳದ ಸ್ವಂತ ರಕ್ಷಣೆ. ತಲೆಯ ಎರಡು ಬದಿಗಿರುವ ಕಣ್ಣುಗಳಿಂದ ಅದು ಹಿಂದಿನ ಒಂದು ಕಿರಿದಾದ ಪಟ್ಟಿ ಬಿಟ್ಟು ಹೆಚ್ಚುಕಡಿಮೆ ಸುತ್ತಲೂ ನೋಡುತ್ತದೆ. ಉಗುರು ತಾಗಿದರೂ ಬಾಲ ಮತ್ತು ಸೊಂಟದ ಗರಿಗಳು ಸಲೀಸಾಗಿ ಕಿತ್ತು ಬಂದು, ಬೇಟೆಗಾರನ ಕಾಲಲ್ಲಿ ಗರಿಯಷ್ಟೇ ಉಳಿಯುತ್ತದೆ. ಬಾಲವಿಲ್ಲದೆ, ಸೊಂಟ ಬೋಳಾಗಿ ಗೂಡಿಗೆ ಬಂದ ಹಕ್ಕಿಯನ್ನು ಕೈಯಲ್ಲಿ ಹಿಡಿದರೆ ಚರ್ಮ ಹರಿದಿರುವುದಿಲ್ಲ, ಎದೆ ಮಾತ್ರ ಜೋರಾಗಿ ಬಡಿದುಕೊಳ್ಳುತ್ತಿರುತ್ತದೆ. ಕೆಲವು ವಾರಗಳಲ್ಲಿ ಗರಿ ಮತ್ತೆ ಬರುತ್ತದೆ.

ಎಲ್ಲಕ್ಕಿಂತ ದೊಡ್ಡ ರಕ್ಷಣೆ ಗುಂಪು. 1978ರಲ್ಲಿ ಬ್ರಿಟನ್ನಿನ ಸಂಶೋಧಕ ರಾಬರ್ಟ್ ಕೆನ್‌ವರ್ಡ್ ಪಳಗಿಸಿದ ಗಾಶಾಕ್ ಡೇಗೆಯನ್ನು ಕಾಡು ಪಾರಿವಾಳಗಳ ಮೇಲೆ ಬಿಟ್ಟು ಲೆಕ್ಕ ಹಾಕಿದರು. ಒಂಟಿ ಪಾರಿವಾಳದ ಮೇಲೆ ನಡೆದ ದಾಳಿಗಳಲ್ಲಿ ಸುಮಾರು ನೂರಕ್ಕೆ 80 ಯಶಸ್ವಿ; 50ಕ್ಕಿಂತ ದೊಡ್ಡ ಗುಂಪಾದಾಗ ನೂರಕ್ಕೆ 10ಕ್ಕಿಂತ ಕಡಿಮೆ. ಹೆಚ್ಚು ಕಣ್ಣುಗಳಿದ್ದಲ್ಲಿ ಡೇಗೆ ದೂರವಿರುವಾಗಲೇ ಕಣ್ಣಿಗೆ ಬೀಳುತ್ತದೆ. ಗುಂಪಿಗೆ ಬೆಲೆಯೂ ಇದೆ. ಜೊತೆಯಲ್ಲಿ ಹಾರುವ ಪಾರಿವಾಳ ಒಂಟಿಯಾಗಿ ಹಾರುವಾಗಿನದಕ್ಕಿಂತ ಸುಮಾರು ಶೇ. 18ರಷ್ಟು ಹೆಚ್ಚು ವೇಗವಾಗಿ ರೆಕ್ಕೆ ಬಡಿಯುತ್ತದೆ ಎಂದು 2019ರ ಅಧ್ಯಯನವೊಂದು ತೋರಿಸಿತು. ಅಷ್ಟು ದಣಿವನ್ನು ಸಹಿಸಿಕೊಂಡೂ ಅವು ಒಟ್ಟಿಗೆ ಹಾರುತ್ತವೆ. 2021ರಲ್ಲಿ ಫಾಲ್ಕನ್ ಆಕಾರದ ಹಾರುವ ರೋಬೋಟನ್ನು ಹೋಮರ್ ಗುಂಪುಗಳ ಮೇಲೆ ಬಿಟ್ಟ ಸಂಶೋಧಕರಿಗೆ ಇನ್ನೊಂದು ಸಂಗತಿ ಕಂಡಿತು: ಪ್ರತಿಯೊಂದು ಹಕ್ಕಿಯೂ ಗುಂಪಿನ ನಡುವೆ ನುಸುಳಿ ಬಚ್ಚಿಟ್ಟುಕೊಳ್ಳಲು ಹೆಣಗುತ್ತದೆಂಬ ಹಳೆಯ ಊಹೆ ನಿಜವಲ್ಲ. ಎಲ್ಲವೂ ಅಕ್ಕಪಕ್ಕದವರ ದಿಕ್ಕಿಗೇ ತಾವೂ ತಿರುಗಿ ಒಟ್ಟಾಗಿ ತಪ್ಪಿಸಿಕೊಳ್ಳುತ್ತವೆ.

ಇದನ್ನು ಬಲ್ಲ ಸಾಕಣೆದಾರ ಮಾಡಬೇಕಾದ್ದು ಬಹಳವಿದೆ. ತರಬೇತಿಗೆ ಬಿಡುವಾಗ ಬಂಡೆಗಳ ಬುಡದಲ್ಲಿ ಬಿಡಬಾರದು, ಹಕ್ಕಿಗಳಿಗೆ ಮೊದಲೇ ಎತ್ತರ ಸಿಗುವ ತೆರೆದ ಬಯಲು ಬೇಕು. ಬುಟ್ಟಿಯ ಬಾಗಿಲು ತೆರೆಯುವ ಮುನ್ನ ಹತ್ತು ನಿಮಿಷ ಆಕಾಶ ನೋಡಬೇಕು. ಕಾಗೆಗಳು ಇದ್ದಕ್ಕಿದ್ದಂತೆ ಒಂದೆಡೆ ಸೇರಿ ಗದ್ದಲ ಮಾಡುತ್ತಿದ್ದರೆ ಅಲ್ಲಿ ಯಾರೋ ಇದ್ದಾರೆ ಎಂದೇ ಅರ್ಥ. ಮೊದಲ ಸಲ ಹೊರಡುವ ಎಳೆಯ ಹಕ್ಕಿಗಳ ಜೊತೆ ಪಳಗಿದ ಹಳೆಯ ಹಕ್ಕಿಗಳಿರಲಿ. ಒಂಟಿಯಾಗಿ ಬಿಟ್ಟು ಪರೀಕ್ಷಿಸುವ ಚಪಲವನ್ನು ಬೆಟ್ಟದ ಕಡೆಯಲ್ಲಂತೂ ಬಿಡಬೇಕು. ಗರಿ ಉದುರಿಸುತ್ತಿರುವ, ಕಾಯಿಲೆಯಿಂದ ಎದ್ದ, ಕೊಬ್ಬಿದ ಹಕ್ಕಿ ಗುಂಪಿನಲ್ಲಿ ಹಿಂದೆ ಬೀಳುತ್ತದೆ, ಬೈರಿಯ ಕಣ್ಣು ಮೊದಲು ಬೀಳುವುದು ಅದರ ಮೇಲೆಯೇ.

ಮನೆಯ ಹತ್ತಿರದ ರಕ್ಷಣೆಯಲ್ಲಿ ನಮ್ಮವರು ಹೆಚ್ಚು ಸಡಿಲ. ದಿನವೂ ಬೆಳಿಗ್ಗೆ ಆರೂವರೆಗೆ ಸರಿಯಾಗಿ ಗೂಡು ತೆರೆಯುವುದು ಶಿಸ್ತೆಂದು ಹೆಮ್ಮೆಪಡುವವರಿದ್ದಾರೆ. ಬೇಟೆಹಕ್ಕಿಯೂ ಆ ಹೊತ್ತನ್ನು ಕಲಿಯುತ್ತದೆ. ಬೆಳಗಿನ ಮತ್ತು ಸಂಜೆಯ ಬೇಟೆಯ ಹೊತ್ತನ್ನು ಬಿಟ್ಟು, ಗಡಿಯಾರವನ್ನು ದಿನದಿನಕ್ಕೆ ಹಿಂದುಮುಂದು ಮಾಡುತ್ತಿರಬೇಕು. ಹಾರಿ ಬಂದ ಪಾರಿವಾಳ ಮಾಳಿಗೆಯ ಮೇಲೆ ಕಾಲು ಗಂಟೆ ಠಳಾಯಿಸುವುದು ಅತಿ ಅಪಾಯದ ಹೊತ್ತು, ರೇಸಿನಲ್ಲಿ ಅಮೂಲ್ಯ ನಿಮಿಷಗಳ ನಷ್ಟವೂ ಹೌದು. ಶಿಳ್ಳೆಗೆ, ಕಾಳಿನ ಡಬ್ಬಿಯ ಸದ್ದಿಗೆ ಕೂಡಲೇ ಒಳಗೆ ನುಗ್ಗುವುದನ್ನು ಮರಿಯಿದ್ದಾಗಲೇ ಕಲಿಸಬೇಕು. ಬಿಸಿಲು ಕಾಯಲು ಮುಂದೆ ಜಾಲರಿ ಕಟ್ಟಿದ ಜಾಗ, ಹತ್ತಿರದಲ್ಲಿ ಶಿಕ್ರ ಕೂರಲಾಗದಂತೆ ಒಣಕೊಂಬೆ ಕಡಿದ ಮರ, ಇಷ್ಟಿದ್ದರೆ ಮರಿಗಳು ಬಹುಪಾಲು ಉಳಿದಂತೆ.

ಹೊಳೆಯುವ ಸಿ.ಡಿ., ಪ್ಲಾಸ್ಟಿಕ್ ಗೂಬೆ, ರೆಕ್ಕೆಯ ಮೇಲೆ ಬಣ್ಣದಿಂದ ಬರೆದ ದೊಡ್ಡ ಕಣ್ಣುಗಳ ಮೇಲೆ ನನಗೆ ಭರವಸೆಯಿಲ್ಲ. ಕದಲದೆ ಕೂತ ಬೆದರುಗೊಂಬೆಗೆ ಬೇಟೆಹಕ್ಕಿ ಬೇಗ ಒಗ್ಗಿಕೊಳ್ಳುತ್ತದೆ. ಚೀನಾದ ಬೀಜಿಂಗ್‌ನಲ್ಲಿ ಬಿದಿರು, ಸೋರೆಬುರುಡೆಯಿಂದ ಮಾಡಿದ ಹಗುರ ಪೀಪಿಯನ್ನು ಪಾರಿವಾಳದ ಬಾಲಕ್ಕೆ ಕಟ್ಟುವ ಹಳೆಯ ಪದ್ಧತಿಯಿದೆ; ಹಾರುವಾಗ ಆಕಾಶವೇ ಗುಂಯ್‌ಗುಡುತ್ತದೆ. ಸೊಗಸಾದ ಕಲೆ ಅದು, ಆದರೆ ರೇಸಿನ ಹಕ್ಕಿಗೆ ಹೊರೆ.

ಇನ್ನು ಬೈರಿಯನ್ನೇ ಕೊಲ್ಲುವ ಮಾತು. ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯ ಹಕ್ಕಿ, ಕೊಂದರೆ ಜೈಲು. ಕಾನೂನು ಒತ್ತಟ್ಟಿಗಿರಲಿ, ಕೊಂದು ಪ್ರಯೋಜನವೂ ಇಲ್ಲ. ಜಾಗ ಸಿಗದೆ ಅಲೆಯುವ ಇನ್ನೊಂದು ಬೈರಿ ಖಾಲಿಯಾದ ಬಂಡೆಗೆ ಬಂದು ಕೂರುತ್ತದೆ. ಬ್ರಿಟನ್ ಇದನ್ನು ಮಾಡಿ ನೋಡಿದೆ. ಎರಡನೇ ಮಹಾಯುದ್ಧದಲ್ಲಿ ಸಂದೇಶ ಹೊರುವ ಪಾರಿವಾಳಗಳನ್ನು ಕಾಪಾಡಲು 1940ರಲ್ಲಿ ಸರ್ಕಾರಿ ಆದೇಶ ಹೊರಟು, ಸುಮಾರು 600 ಪೆರೆಗ್ರಿನ್‌ಗಳು ಸತ್ತವು. ಯುದ್ಧ ಮುಗಿದ ಮೇಲೆ ಸಂಖ್ಯೆ ಚೇತರಿಸಿಕೊಳ್ಳತೊಡಗಿತು. 1960ರ ಹೊತ್ತಿಗೆ, ಫಾಲ್ಕನ್ ವಿಪರೀತವಾಗಿದೆ, ರಕ್ಷಣೆ ತೆಗೆಯಿರಿ ಎಂದು ರೇಸಿನವರು ಸರ್ಕಾರಕ್ಕೆ ದೂರಿತ್ತರು. ನಿಜ ತಿಳಿಯಲೆಂದು ಪ್ರಕೃತಿ ವಿಜ್ಞಾನಿ ಡೆರೆಕ್ ರ‍್ಯಾಟ್‌ಕ್ಲಿಫ್ 1961–62ರಲ್ಲಿ ಗೂಡುಗಳ ಗಣತಿ ಮಾಡಿಸಿದರೆ ಕಂಡದ್ದು ತದ್ವಿರುದ್ಧ: ಎಷ್ಟೋ ಬಂಡೆಗಳು ಖಾಲಿ, ಇದ್ದ ಗೂಡುಗಳಲ್ಲೂ ಒಡೆದ ಮೊಟ್ಟೆ. ಬೀಜಕ್ಕೆ, ಬೆಳೆಗೆ ಹಾಕಿದ ಕೀಟನಾಶಕ ಪಾರಿವಾಳದಂಥ ಕಾಳುತಿನ್ನುವ ಹಕ್ಕಿಗಳ ಮೈ ಸೇರಿ, ಅವುಗಳಿಂದ ಫಾಲ್ಕನ್‌ಗೆ ದಾಟಿತ್ತು. ಮೊಟ್ಟೆಯ ಚಿಪ್ಪು ತೆಳ್ಳಗಾಗಿದೆಯೆಂಬುದು 1967ರಲ್ಲಿ ಗೊತ್ತಾಯಿತು; ಅದಕ್ಕೆ ಡಿಡಿಟಿ ಕಾರಣವೆಂಬುದು ಮುಂದೆ ಸ್ಪಷ್ಟವಾಯಿತು. ಪಾರಿವಾಳದವರು ದೂರು ಕೊಡದೇ ಇದ್ದಿದ್ದರೆ ಆ ಗಣತಿ ಆಗ ನಡೆಯುತ್ತಿರಲಿಲ್ಲ. ನಮ್ಮ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದುಗಳ ಅಭಯಾರಣ್ಯವಾಗುವ ಹೊತ್ತಿಗೆ, ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ದೇಶದ ಬಹುಪಾಲು ರಣಹದ್ದುಗಳನ್ನು ಇದೇ ರೀತಿ ಮುಗಿಸಿಯಾಗಿತ್ತು. ಬೈರಿಗೆಂದು ಪಾರಿವಾಳಕ್ಕೆ ವಿಷ ಸವರಿ ಬಿಟ್ಟರೆ ಆ ಹೆಣ ಯಾರ ಹೊಟ್ಟೆ ಸೇರುತ್ತದೆಂಬುದನ್ನು ಈ ಸೀಮೆಯವರು ಯೋಚಿಸಲೇಬೇಕು.

ಸಾಕಣೆದಾರರಿಗೆ ನೇರವಾಗಿ ಉಪಯೋಗಕ್ಕೆ ಬರುವ ಒಂದು ಸಂಶೋಧನೆ 2005ರಲ್ಲಿ ಪ್ರಕಟವಾಯಿತು. ಆಲ್ಬರ್ಟೊ ಪಲೆರೋನಿ ಮತ್ತು ಸಂಗಡಿಗರು ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ವರ್ಷಗಟ್ಟಲೆ ಪೆರೆಗ್ರಿನ್ ದಾಳಿಗಳನ್ನು ನೋಡಿ ದಾಖಲಿಸಿದರು. ಅಲ್ಲಿನ ಪಾರಿವಾಳಗಳಲ್ಲಿ ಸೊಂಟದ ಮೇಲೆ ಬಿಳಿ ಪಟ್ಟೆಯಿದ್ದವು ನೂರಕ್ಕೆ 20. ಬೇಟೆಗೆ ಸಿಕ್ಕವುಗಳಲ್ಲಿ ನೂರಕ್ಕೆ 2 ಮಾತ್ರ. ಆಮೇಲೆ ಬಿಳಿ ಸೊಂಟದ ಗರಿ ತೆಗೆದು ಬೂದು ಗರಿ, ಬೂದು ಸೊಂಟಕ್ಕೆ ಬಿಳಿ ಗರಿ ಅಂಟಿಸಿ ನೋಡಿದಾಗ ಅದೃಷ್ಟವೂ ಅದಲು ಬದಲಾಯಿತು. ಅತಿವೇಗದಲ್ಲಿ ಬೀಳುವ ಫಾಲ್ಕನ್ನಿನ ನೋಟ ಹೊಳೆಯುವ ಬಿಳಿಗೆ ನೆಟ್ಟಿರುತ್ತದೆ. ಪಾರಿವಾಳ ತಪ್ಪಿಸಿಕೊಳ್ಳಲು ರೆಕ್ಕೆ ಹೊರಳಿಸುವ ಆ ಮೊದಲ ಕ್ಷಣ ಅದಕ್ಕೆ ಕಾಣಿಸುವುದಿಲ್ಲ ಎಂಬುದು ಅವರ ವಿವರಣೆ. ನಮ್ಮ ದೇವಸ್ಥಾನ, ಕೋಟೆಗಳ ನಾಡ ಪಾರಿವಾಳದ ಸೊಂಟ ಬೂದು. ಯುರೋಪಿನ ತಳಿಯಿಂದ ಬಂದ ಹೋಮರ್‌ಗಳಲ್ಲಿ ಬಿಳಿ, ಬೂದು ಎರಡೂ ಸಿಗುತ್ತವೆ. ಮಾಗಡಿ, ಕನಕಪುರ, ಚನ್ನಪಟ್ಟಣದ ಸಾಕಣೆದಾರರ ಪುಸ್ತಕದಲ್ಲಿ ರಿಂಗ್ ನಂಬರ್, ತಂದೆತಾಯಿ, ಬಿಟ್ಟ ಜಾಗ, ಬಂದ ಹೊತ್ತು ಈಗಾಗಲೇ ಇದೆ. ಸೊಂಟದ ಬಣ್ಣಕ್ಕೆ ಇನ್ನೊಂದು ಕಾಲಂ ಎಳೆದು ಕೆಲವು ಋತುಗಳ ಕಾಲ ಬಿಡದೆ ತುಂಬಿಸಿದರೆ, ಸಾವನದುರ್ಗದ ಬೈರಿ ಯಾವ ಪಾರಿವಾಳವನ್ನು ಆರಿಸಿಕೊಳ್ಳುತ್ತದೆಂದು ಅವರೇ ಲೆಕ್ಕ ಹಾಕಿ ಹೇಳಬಹುದು.