ಮುಖ ಆಮೇಲೆ, ಮೊದಲು ಬೆಳಕು ನೋಡಿ!
ಪಾಂಡವಪುರ ತಾಲ್ಲೂಕಿನ ಮೇಲುಕೋಟೆಗೆ ಹೋದವರೆಲ್ಲ ರಾಯಗೋಪುರದಲ್ಲಿ ಫೋಟೋ ತೆಗೆಸಿಕೊಳ್ತಾರೆ. ಅದೂ ಸುಡುಮಧ್ಯಾಹ್ನ, ನಟ್ಟನಡುವೆ ನಿಂತು! ಕಣ್ಣು ಗುಳಿಬಿದ್ದ ಹಾಗೆ, ಮೂಗಿನ ಕೆಳಗೆ ಮಸಿ ಬಳಿದ ಹಾಗೆ ಬರುತ್ತೆ. ಅದೇ ಜಾಗವನ್ನು ಸಂಜೆ ನೋಡಿ. ಪೂರ್ತಿಯಾಗದೆ ನಿಂತ ಆ ಎತ್ತರದ ಕಂಬಗಳೇ ಚೌಕಟ್ಟು. ಓರೆಬಿಸಿಲಿನಲ್ಲಿ ಒಬ್ಬಳೇ ನಿಂತವಳ ಬೆನ್ನು ಕಂಡರೂ ಸಾಕು, ಮನಸ್ಸು ಹಿಂಡುತ್ತೆ.

ಈ ಗುಟ್ಟು ಬಲ್ಲವರಾಗಿದ್ದವರು ನಮ್ಮ ಮೈಸೂರಿನ ವಿ.ಕೆ. ಮೂರ್ತಿ. 1959ರ ‘ಕಾಗಜ್ ಕೇ ಫೂಲ್’ ಚಿತ್ರಕ್ಕಾಗಿ ಕನ್ನಡಿ ಹಿಡಿಸಿ ಹೊರಗಿನ ಬಿಸಿಲನ್ನೇ ಸ್ಟುಡಿಯೋ ಒಳಕ್ಕೆ ತಿರುಗಿಸಿದರು. ಸುತ್ತ ಕತ್ತಲು, ನಡುವೆ ಬೆಳಕಿನ ಕೋಲು. ಗುರುದತ್, ವಹೀದಾ ದೂರ ದೂರ ನಿಂತಿದ್ದಾರೆ. ಅಳುವುದು ಆ ಅಂತರವೇ! ಚಿತ್ರ ಆಗ ಓಡಲಿಲ್ಲ. ಮೂರ್ತಿಯವರಿಗೆ 2008ನೇ ಸಾಲಿನ ಫಾಲ್ಕೆ ಪ್ರಶಸ್ತಿ ಬಂತು. ನಾವು ಗೋಡೆಗೆ ಅಂಟಿಸಿಕೊಂಡ ಸ್ಟಿಲ್ಲಿನಲ್ಲಿ ಮಾತ್ರ ಅವರ ಹೆಸರಿಲ್ಲ.