ಲಕ್ಷಣಕ್ಕೆ ಕಾಯದ ಸ್ಕ್ಯಾನ್

ಎಳೆಗೂಸಿನ ನೆತ್ತಿ ಮುಟ್ಟಿದರೆ ಮೆತ್ತಗೆ ಮಿಡಿಯುವ ಜಾಗವೊಂದು ಸಿಗುತ್ತದೆ. ಬಾಣಂತನದ ಮನೆಗಳಲ್ಲಿ ಎಣ್ಣೆ ಇಡುವುದು ಅಲ್ಲಿಯೇ. ತಲೆಬುರುಡೆಯ ಮೂಳೆಗಳು ಇನ್ನೂ ಕೂಡಿಕೊಳ್ಳದ ಈ ಸಂದು ಸಾಮಾನ್ಯವಾಗಿ ಒಂದು, ಒಂದೂವರೆ ವರ್ಷದ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ. ಮೂಳೆಯನ್ನು ದಾಟಲು ಹೆಣಗುವ ಅಲ್ಟ್ರಾಸೌಂಡ್ ಅಲೆಗಳು ಅಲ್ಲಿಯವರೆಗೆ ಈ ದಾರಿಯಲ್ಲಿ ಮಿದುಳಿನೊಳಗೆ ಇಳಿಯಬಲ್ಲವು. ದಿನ ತುಂಬುವ ಬಹಳ ಮೊದಲೇ, ಅಂದರೆ ಮೂವತ್ತು ವಾರದೊಳಗೆ ಹುಟ್ಟಿದ ಕೂಸು ನೋಡಲು ಎಷ್ಟೇ ಚೆನ್ನಾಗಿದ್ದರೂ ಅದಕ್ಕೆ ಈ ಅಲ್ಟ್ರಾಸೌಂಡ್ ಸ್ಕ್ಯಾನ್ ಆಗಲೇಬೇಕು ಎನ್ನುವುದು ನನ್ನ ವಾದ.

ಮಿದುಳಿನ ನಡುವೆ ನೀರು ತುಂಬಿದ ಕುಹರಗಳಿವೆ. ಅವುಗಳ ಅಂಚಿನಲ್ಲಿ ಹೊಸ ಮಿದುಳುಕೋಶಗಳು ಹುಟ್ಟುವ ಪದರವಿರುತ್ತದೆ. ಗರ್ಭಕ್ಕೆ 32-34 ವಾರವಾಗುವಷ್ಟರಲ್ಲಿ ಅದು ಬಹುಮಟ್ಟಿಗೆ ಕರಗಿಹೋಗುತ್ತದೆ. ಅದಕ್ಕೂ ಮೊದಲೇ ಹುಟ್ಟಿದ ಕೂಸಿನಲ್ಲಿ ರಕ್ತದೊತ್ತಡ ಏರಿಳಿದಾಗ ಆ ಪದರದ ತೆಳು ರಕ್ತನಾಳಗಳು ಒಡೆಯಬಹುದು, ಹೆಚ್ಚಾಗಿ ಮೊದಲ ಮೂರು ದಿನಗಳಲ್ಲೇ. 1978ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊದ ಲು-ಆನ್ ಪಪೈಲ್ ಮತ್ತು ಸಂಗಡಿಗರು 1,500 ಗ್ರಾಂಗಿಂತ ಕಡಿಮೆ ತೂಕದ 46 ಶಿಶುಗಳಿಗೆ ಸಿ.ಟಿ. ಸ್ಕ್ಯಾನ್ ಮಾಡಿದರು. 20 ಶಿಶುಗಳಲ್ಲಿ ರಕ್ತಸ್ರಾವ ಕಂಡಿತು. ರಕ್ತಸ್ರಾವವಾಗಿಯೂ ಬದುಕುಳಿದ ಶಿಶುಗಳಲ್ಲಿ ಹೆಚ್ಚಿನವಕ್ಕೆ ಹೊರಗೆ ಯಾವ ಲಕ್ಷಣವೂ ಇರಲಿಲ್ಲ! ಅವರು ಆಗ ಗುರುತಿಸಿದ ರಕ್ತಸ್ರಾವದ ನಾಲ್ಕು ದರ್ಜೆಗಳನ್ನೇ ವೈದ್ಯರು ಇಂದಿಗೂ ಬಳಸುತ್ತಾರೆ. ಕೂಸು ಅಳುವುದು, ಹಾಲು ಕುಡಿಯುವುದು ನೋಡಿ ಸಮಾಧಾನಪಟ್ಟುಕೊಳ್ಳುವಂತಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ.

ಒಡೆದ ನಾಳವನ್ನು ಮುಚ್ಚುವ ಔಷಧಿಯೇ ಇಲ್ಲದಿರುವಾಗ ನೋಡಿ ಏನು ಪ್ರಯೋಜನ ಎಂದು ಕೇಳುವವರಿದ್ದಾರೆ. ಔಷಧಿ ಇಲ್ಲ, ನಿಜ. ಆದರೆ ಅಪಾಯ ಅಲ್ಲಿಗೇ ನಿಲ್ಲುವುದಿಲ್ಲ. ಹೆಪ್ಪುಗಟ್ಟಿದ ರಕ್ತ ನೀರಿನ ಹರಿವಿಗೆ ಅಡ್ಡವಾಗಿ, ಮುಂದಿನ ದಿನಗಳಲ್ಲಿ, ವಾರಗಳಲ್ಲಿ ಕುಹರಗಳು ಉಬ್ಬಬಹುದು. ತಲೆಯ ಸುತ್ತಳತೆ ಹೆಚ್ಚುವುದು ಆಮೇಲೆ; ಅಷ್ಟರಲ್ಲಿ ಮಿದುಳು ಒತ್ತಡ ಉಂಡಿರುತ್ತದೆ. ಮತ್ತೆ ಮತ್ತೆ ಸ್ಕ್ಯಾನ್ ಮಾಡಿದರೆ ಉಬ್ಬು ಮೊದಲೇ ಕಾಣುತ್ತದೆ, ನೀರನ್ನು ಹೊರತೆಗೆಯಲು ಸಮಯ ಸಿಗುತ್ತದೆ. ಅದಕ್ಕೇ 2020ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು ಕೂಸು ಹುಟ್ಟಿದ 7-10 ದಿನದೊಳಗೆ ಒಮ್ಮೆ, 4-6 ವಾರಕ್ಕೆ ಇನ್ನೊಮ್ಮೆ, ದಿನ ತುಂಬುವ ಲೆಕ್ಕದ ಹೊತ್ತಿಗೆ ಮತ್ತೊಮ್ಮೆ ನೋಡಲು ಹೇಳಿತು. ತಂದೆತಾಯಿಯರಿಗೆ ವೃಥಾ ಭಯ ಹುಟ್ಟಿಸುತ್ತದೆ ಎಂಬ ಆಕ್ಷೇಪವನ್ನು ನಾನು ತಳ್ಳಿಹಾಕಲಾರೆ. ಆದರೆ ಮೊದಲ ದರ್ಜೆಯ ಸಣ್ಣ ರಕ್ತಸ್ರಾವವಾದ ಮಕ್ಕಳಲ್ಲಿ ಬಹುಪಾಲು ಚೆನ್ನಾಗಿಯೇ ಬೆಳೆಯುತ್ತಾರೆ. ಇದನ್ನು ಕೂತು ಬಿಡಿಸಿ ಹೇಳುವುದು ವೈದ್ಯರ ಕರ್ತವ್ಯ. ಹೇಳುವುದು ಕಷ್ಟವೆಂದು ನೋಡದೇ ಇರುವುದು ಸರಿಯಲ್ಲ.

ಅಲ್ಟ್ರಾಸೌಂಡಿಗೂ ಮಿತಿಯಿದೆ. ಹಿಂದಲೆಯ ಕಿರುಮಿದುಳಿನ ರಕ್ತಸ್ರಾವ ನೆತ್ತಿಯಿಂದ ತಪ್ಪಿಹೋಗಬಹುದು. ಕಿವಿಯ ಹಿಂದಿನಿಂದಲೂ ನೋಡಬೇಕಾಗುತ್ತದೆ. ಎಂ.ಆರ್.ಐ. ಇನ್ನೂ ಸೂಕ್ಷ್ಮವಾಗಿ ತೋರಿಸುತ್ತದೆ, ನಿಜ, ಆದರೆ ಉಸಿರಾಟಕ್ಕೆ ಯಂತ್ರ ಹಾಕಿದ ಕೂಸನ್ನು ಅಲ್ಲಿಗೆ ಒಯ್ಯುವುದೇ ಅಪಾಯ. ಸಿ.ಟಿ.ಯಲ್ಲಿ ವಿಕಿರಣದ ಹೊರೆ. ಅಲ್ಟ್ರಾಸೌಂಡ್ ಯಂತ್ರವೋ ಕೂಸಿನ ಪೆಟ್ಟಿಗೆಯ ಪಕ್ಕಕ್ಕೇ ಬರುತ್ತದೆ, ವಿಕಿರಣವಿಲ್ಲ. ನಿಮ್ಮ ಮನೆಯಲ್ಲಿ ದಿನ ತುಂಬದ ಕೂಸು ಹುಟ್ಟಿದ್ದರೆ ಡಿಸ್ಚಾರ್ಜ್‌ಗೆ ಮೊದಲು ಕೇಳಿ: ತಲೆಯ ಸ್ಕ್ಯಾನ್ ಆಯಿತೇ, ಯಾವ ದಿನ, ಮುಂದಿನದು ಯಾವಾಗ? ವರದಿಯನ್ನು ಲಸಿಕೆಯ ಕಾರ್ಡಿನ ಜೊತೆಗೇ ಇಟ್ಟುಕೊಳ್ಳಿ.