ಮುಖದ ನೀಲಿ ಗಂಟಿಗೆ ಸೂಜಿಯ ಚಿಕಿತ್ಸೆ

ಅನಂತಪುರ ಜಿಲ್ಲೆಯ ರಾಯದುರ್ಗ ಸೀಮೆಯ ಬೊಮ್ಮನಹಾಳು ಕನ್ನಡಿಗರು ಬಹಳ ಮಂದಿ ಇರುವ ಊರು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯನ್ನು ಹಂಚಿದಾಗ ರಾಯದುರ್ಗ ತಾಲೂಕು ಆಂಧ್ರಕ್ಕೆ ಹೋಯಿತು, ಬಳ್ಳಾರಿ ಮೈಸೂರಿಗೆ ಸೇರಿತು. ಆದರೂ ಕಾಯಿಲೆ ಬಿದ್ದವರಿಗೆ ಇಂದಿಗೂ ಅನಂತಪುರಕ್ಕಿಂತ ಬಳ್ಳಾರಿಯೇ ಹತ್ತಿರ. 1956ರಲ್ಲಿ ಕೇರಳದ ಪಾಲಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾವು ಮಂಗಳೂರಿನ ಬಸ್ಸು ಹತ್ತಿದಂತೆ ಅವರು ಬಳ್ಳಾರಿಯ ಬಸ್ಸು ಹತ್ತುತ್ತಾರೆ. ಅಲ್ಲಿಯವರೂ ಇಲ್ಲಿಯವರೂ ತಿಳಿದಿರಬೇಕಾದ ಒಂದು ರೋಗದ ವಿಚಾರ ಇಲ್ಲಿದೆ. ಇದರಲ್ಲಿ ತಾಯಿಯ ಬಾಯಿಯ ಮಾತೇ ಅರ್ಧ ಪರೀಕ್ಷೆ.

ಕೆಲವು ಮಕ್ಕಳ ಕೆನ್ನೆ, ತುಟಿ, ನಾಲಗೆ ಇಲ್ಲವೆ ಕುತ್ತಿಗೆಯಲ್ಲಿ ನೀಲಿ ಗಂಟು ಅಥವಾ ಕೆಂಪು ಮಚ್ಚೆ ಕಾಣುತ್ತದೆ. ಬಸುರಿ ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದಳೆಂದು ಮನೆಯ ಹಿರಿಯರು ಹೇಳುವುದುಂಟು. ಪಾಪ, ಆ ತಾಯಿ ಅದನ್ನು ಜನ್ಮವಿಡೀ ಹೊತ್ತುಕೊಂಡಿರುತ್ತಾಳೆ. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ರಕ್ತನಾಳಗಳು ರೂಪುಗೊಳ್ಳುವಾಗ ಆದ ಏರುಪೇರು ಇದು. ಅಂಟುರೋಗವಲ್ಲ, ಕ್ಯಾನ್ಸರೂ ಅಲ್ಲ.

ಹಿಂದೆ ಇವೆಲ್ಲಕ್ಕೂ ಒಂದೇ ಹೆಸರು ಹೇಳಿಬಿಡುತ್ತಿದ್ದರು. 1982ರಲ್ಲಿ ಅಮೇರಿಕದ ಮಲ್ಲಿಕನ್ ಮತ್ತು ಗ್ಲೊವಾಕಿ ಎಂಬವರು ಇವನ್ನು ಎರಡಾಗಿ ವಿಂಗಡಿಸಿದರು. ಹುಟ್ಟಿದ ಕೆಲವು ವಾರಗಳಲ್ಲಿ ಕಾಣಿಸಿಕೊಂಡು, ಮೊದಲ ತಿಂಗಳುಗಳಲ್ಲಿ ಭರದಿಂದ ಬೆಳೆದು, ಅನಂತರ ವರ್ಷಗಟ್ಟಲೆ ಕುಗ್ಗುತ್ತಾ ಹೋಗುವುದು ಹೆಮಾಂಜಿಯೋಮ. ಇದಕ್ಕೆ ಹೃದ್ರೋಗದ ಪ್ರೊಪ್ರನೊಲಾಲ್ ಎಂಬ ಮದ್ದು ಒಗ್ಗುವುದೆಂದು ಫ್ರಾನ್ಸಿನ ಬೋರ್ಡೋದ ವೈದ್ಯರು 2008ರಲ್ಲಿ ಪ್ರಕಟಿಸಿದರು. ಅದು ಅವರಿಗೆ ಆಕಸ್ಮಿಕವಾಗಿ ತಿಳಿದುಬಂದ ಸಂಗತಿ. ಎರಡನೆಯದು ರಕ್ತನಾಳಗಳ ಹುಟ್ಟುದೋಷ. ಇದು ಮಗುವಿನೊಡನೆ ಬೆಳೆಯುತ್ತದೆ, ತಾನಾಗಿ ಹೋಗುವುದಿಲ್ಲ. ಪ್ರಾಯ ಬಂದಾಗಲೋ ಬಸುರಿನಲ್ಲಿಯೋ ಹೆಚ್ಚುವುದೂ ಉಂಟು.

ಈ ಹುಟ್ಟುದೋಷದಲ್ಲಿಯೂ ಬಗೆಗಳಿವೆ. ಮೆತ್ತಗೆ ನೀಲಿಯಾಗಿದ್ದು, ಒತ್ತಿದರೆ ಕುಗ್ಗಿ, ಮಗು ಅತ್ತಾಗ ಅಥವಾ ಬಗ್ಗಿದಾಗ ಉಬ್ಬಿದರೆ ಅಭಿಧಮನಿಯದು. ಕುತ್ತಿಗೆಯಲ್ಲಿ ನೀರಿನ ಚೀಲದಂತಿದ್ದು ಶೀತಜ್ವರ ಬಂದಾಗ ದೊಡ್ಡದಾದರೆ ದುಗ್ಧರಸದ ನಾಳಗಳದು. ಬಿಸಿಯಾಗಿದ್ದು ಬೆರಳಿಗೆ ನಾಡಿಯಂತೆ ಮಿಡಿದರೆ ಧಮನಿಯೂ ಅಭಿಧಮನಿಯೂ ನೇರ ಕೂಡಿಕೊಂಡದ್ದು. ಬರಿಯ ಕೆಂಪು ಮಚ್ಚೆಗೆ ಲೇಸರ್ ಇದೆ.

ಹಿಂದೆ ಕತ್ತಿಯೇ ಮುಖ್ಯ ಚಿಕಿತ್ಸೆಯಾಗಿತ್ತು. ಆದರೆ ಕಣ್ಣು ಮುಚ್ಚಿಸುವ, ತುಟಿ ಆಡಿಸುವ ನರ ಕೆನ್ನೆಯ ಮೂಲಕವೇ ಹಾದುಹೋಗುತ್ತದೆ. ರಕ್ತವೂ ಬಹಳ ಹೋಗುತ್ತದೆ, ಉಳಿದ ಚೂರು ಮತ್ತೆ ಬೆಳೆಯುತ್ತದೆ. ಈಗ ನೀಲಿ ಗಂಟಿಗೆ ಅನೇಕ ಕಡೆ ಮೊದಲು ಯೋಚಿಸುವುದು ಸ್ಕ್ಲೀರೋಥೆರಪಿ. ಮಗುವಿಗೆ ಮಂಪರು ಕೊಟ್ಟು, ಅಲ್ಟ್ರಾಸೌಂಡ್ ನೋಡುತ್ತಾ ಗಂಟಿನೊಳಗೆ ಸಣ್ಣ ಸೂಜಿ ಇಳಿಸುತ್ತಾರೆ. ಎಕ್ಸ್‌ರೇಯಲ್ಲಿ ಕಾಣುವ ದ್ರವವನ್ನು ಬಿಟ್ಟು ಅದು ಎತ್ತ ಹರಿಯುತ್ತದೆಂದು ಪರೀಕ್ಷಿಸಿ, ಬಳಿಕ ಮದ್ದು ಬಿಡುತ್ತಾರೆ. ಪೊಲಿಡೊಕನಾಲ್ ಅಥವಾ ಸೋಡಿಯಂ ಟೆಟ್ರಡೆಸಿಲ್ ಸಲ್ಫೇಟನ್ನು ಎರಡು ಸಿರಿಂಜುಗಳ ನಡುವೆ ಗಾಳಿಯೊಡನೆ ಆಡಿಸಿ ನೊರೆ ಮಾಡುವುದುಂಟು. ಮದ್ದು ತಗಲಿ ನಾಳದ ಒಳಪೊರೆ ಕೆಡುತ್ತದೆ, ಗೋಡೆಗಳು ಅಂಟಿಕೊಳ್ಳುತ್ತವೆ, ವಾರಗಳಲ್ಲಿ ಗಂಟು ಕುಗ್ಗುತ್ತದೆ. ಹೊಲಿಗೆಯ ಗಾಯವಿಲ್ಲ.

ಮೊದಲ ಕೆಲವು ದಿನ ಮಾತ್ರ ಗಂಟು ಮೊದಲಿಗಿಂತ ದೊಡ್ಡದಾಗಿ ಬೀಗುತ್ತದೆ. ಇದನ್ನು ಮುಂಚೆಯೇ ತಿಳಿಯದೆ ಹೆದರಿ, ಚಿಕಿತ್ಸೆ ಕೆಟ್ಟಿತೆಂದು ಅರ್ಧದಲ್ಲಿ ಬಿಡಬಾರದು. ಕೆಲವು ವಾರಗಳ ಅಂತರದಲ್ಲಿ ಹಲವು ಸಲ ಸೂಜಿ ಬೇಕಾಗುವುದು ಸಾಮಾನ್ಯ. ಗಂಟು ಪೂರ್ತಿ ಮಾಯವಾಗುತ್ತದೆಂದು ಯಾರಾದರೂ ಭರವಸೆ ಕೊಟ್ಟರೆ ನಂಬುವುದು ಬೇಡ.

ನಾಲಗೆ, ಗಂಟಲಿನಂತಹ ಕಡೆ ಬಾವು ಕಡಿಮೆ ಬರಲೆಂದು ಬ್ಲಿಯೊಮೈಸಿನ್ ಬಳಸುತ್ತಾರೆ. ಜಪಾನಿನಲ್ಲಿ ಕಂಡುಹಿಡಿದ ಕ್ಯಾನ್ಸರ್ ಮದ್ದು ಅದು. ಒಟ್ಟು ಪ್ರಮಾಣ ಹೆಚ್ಚಿದರೆ ಶ್ವಾಸಕೋಶಕ್ಕೆ ಕೆಡುಕು, ಆದುದರಿಂದ ಪ್ರತಿ ಸಲದ ಲೆಕ್ಕದ ಚೀಟಿಯನ್ನು ಜೋಪಾನವಾಗಿಡಿ. ಆ ದಿನಗಳಲ್ಲಿ ಮೈ ಕೆರೆದುಕೊಂಡರೂ ಪ್ಲಾಸ್ಟರು ಕಿತ್ತರೂ ಚರ್ಮದಲ್ಲಿ ಕಪ್ಪು ಗೀರು ಉಳಿಯಬಹುದು.

ಮಿಡಿಯುವ ಗಂಟು ಬೇರೆಯೇ ಜಾತಿ. ಅದಕ್ಕೆ ಸಾಮಾನ್ಯವಾಗಿ ತೊಡೆಸಂದಿಯ ಧಮನಿಯಿಂದ ಬಹಳ ಸಪುರವಾದ ನಳಿಗೆ ಸಾಗಿಸಿ ಅಂಟು ತುಂಬುತ್ತಾರೆ. ರಕ್ತ ತರುವ ಧಮನಿಯನ್ನು ಹೊರಗಿನಿಂದ ಕಟ್ಟಿಬಿಟ್ಟರೆ ಸಾಲದು, ಅಕ್ಕಪಕ್ಕದ ನಾಳಗಳು ದಾರಿ ಮಾಡಿಕೊಂಡು ಗಂಟು ಇನ್ನೂ ಹಟ ಹಿಡಿಯುತ್ತದೆ. ಅಂಟು ದಾರಿ ತಪ್ಪಿದರೆ ಕಣ್ಣೇ ಹೋದೀತು. ನುರಿತ ಕೈಗಳೇ ಬೇಕು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿಯೂ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಹೀಗೆ ನಾಳದೊಳಗಿನಿಂದ ಚಿಕಿತ್ಸೆ ಮಾಡುವ ವಿಭಾಗಗಳಿವೆ.

ಇನ್ನು ಭಾಷೆಯ ವಿಚಾರ. ಗಂಟು ಹುಟ್ಟಿದ ದಿನವೇ ಇತ್ತೆ, ಬಾಣಂತನದಲ್ಲಿ ಕಂಡಿತೆ, ಅತ್ತರೆ ಉಬ್ಬುತ್ತದೆಯೆ, ಮಿಡಿಯುತ್ತದೆಯೆ ಎಂದು ವೈದ್ಯರು ಕೇಳುತ್ತಾರೆ. ಅನಂತಪುರದಲ್ಲಿ ತೆಲುಗಿನಲ್ಲಿ, ಇಲ್ಲಿ ಮಲೆಯಾಳದಲ್ಲಿ. ಅರ್ಥವಾಗದೆ ಎಲ್ಲದಕ್ಕೂ ತಲೆಯಾಡಿಸಿದರೆ ಹೆಮಾಂಜಿಯೋಮಕ್ಕೂ ಹುಟ್ಟುದೋಷಕ್ಕೂ ಅದಲುಬದಲಾಗಬಹುದು, ಮದ್ದೂ ತಪ್ಪಬಹುದು. ಎಲ್ಲವನ್ನೂ ಕನ್ನಡದಲ್ಲಿಯೇ ಬರೆದಿಟ್ಟು, ಎರಡೂ ಭಾಷೆ ಬಲ್ಲ ನೆಂಟರೊಬ್ಬರನ್ನು ಕರೆದೊಯ್ಯಿರಿ. ತಿಂಗಳಿಗೊಂದರಂತೆ ತೆಗೆದ ಫೋಟೋಗಳಿದ್ದರೆ ಇನ್ನೂ ಒಳ್ಳೆಯದು. ಗಡಿ ದಾಟುವ ಮೊದಲು ನಿಮ್ಮ ರಾಜ್ಯದ ಆರೋಗ್ಯ ಕಾರ್ಡು ಆ ಆಸ್ಪತ್ರೆಯಲ್ಲಿ ನಡೆಯುತ್ತದೆಯೇ ಎಂದು ವಿಚಾರಿಸಿ. ಗಂಟಿಗೆ ಬರೆ ಹಾಕಿಸುವುದು, ಚುಚ್ಚಿಸುವುದು ಬೇಡ. ಉಸಿರು ಕಟ್ಟಿದರೆ, ಹಾಲು ನುಂಗಲಾಗದಿದ್ದರೆ ಅಥವಾ ರಕ್ತ ನಿಲ್ಲದಿದ್ದರೆ ಯಾವ ರಾಜ್ಯದ್ದೆಂದು ನೋಡದೆ ಹತ್ತಿರದ ಆಸ್ಪತ್ರೆಗೇ ಓಡಿ.